ಒಂದೂವರೆ ಇಂಚು

ಗುಜರಿಯವನು ಅದನ್ನು ತೂಕಕ್ಕೆ ಹಾಕಿದ್ದ,
ಕಿಲೋಗೆ ಮೂವತ್ತೆರಡರಂತೆ, ತುಕ್ಕೂ ಸೇರಿ.
ಹಲ್ಲಿನ ಡಾಕ್ಟರು ಪ್ರಾಣೇಶ ಚೌಕಾಸಿ ಮಾಡಲಿಲ್ಲ.
ಮಂಡಿ ಮೊಹಲ್ಲಾದ ನನ್ನ ಶೆಡ್ಡಿನ ಮುಂದೆ
ತಳ್ಳುಗಾಡಿಯವರ ಬೈಗುಳದ ನಡುವೆ ಇಳಿಸಿಕೊಂಡೆವು:
ಎಮ್ಮೆಕರುವಿನೆತ್ತರದ ಟ್ರ್ಯಾಕ್ಟರು,
ತೋಟದ ಪಾತಿಗಳಲ್ಲಿ ನುಸುಳಲೆಂದೇ ಹುಟ್ಟಿದ್ದು,
ಒಂದೇ ಸಿಲಿಂಡರು, ಒಂದೇ ಸೀಟು,
ಹೆಸರಿನ ತಗಡು ಕಿತ್ತುಹೋದಲ್ಲಿ ನಾಲ್ಕು ತೂತು.

"ಜನವರಿಯ ಶೋಗೆ ನಿಲ್ಲಿಸಬೇಕು, ಆಚಾರ್ರೇ,
ಫ್ಯಾಕ್ಟರಿಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ."
ಗೇರುಪೆಟ್ಟಿಗೆ ಬಿಚ್ಚಿದರೆ ಎರಡು ಹಲ್ಲು ಮುರಿದಿವೆ.
ಡಾಕ್ಟರು ಬಗ್ಗಿ, ಟಾರ್ಚು ಬಿಟ್ಟು, ಅಭ್ಯಾಸಬಲದಿಂದ
"ಕ್ಯಾಪು ನಿಲ್ಲೋದಿಲ್ಲ, ಹೊಸದೇ ಕಟ್ಟಿ" ಅಂದರು.

ಪಿಸ್ಟನ್ನು ಕಚ್ಚಿಕೊಂಡಿತ್ತು. ಸೀಮೆಎಣ್ಣೆ ತುಂಬಿ
ಹನ್ನೊಂದು ದಿನ ಬಿಟ್ಟೆ. ದಿನಕ್ಕೊಂದು ಸಲ
ಹೊನ್ನೆಯ ತುಂಡಿಟ್ಟು ಮೆಲ್ಲಗೆ ಬಡಿಯುವುದು,
ಮಲಗಿದವರಿರುವ ಮನೆಯ ಬಾಗಿಲು ತಟ್ಟಿದ ಹಾಗೆ.
ಹನ್ನೆರಡನೆಯ ಬೆಳಿಗ್ಗೆ ಕೂದಲೆಳೆಯಷ್ಟು ಜರುಗಿತು.
ಸುಹೇಲ ಓಡಿಹೋಗಿ ಟೀ ಹೇಳಿಬಂದ.
ಸೈಲೆನ್ಸರಿನೊಳಗೆ ಕಡಜದ ಮಣ್ಣಿನ ಮನೆ.
ಕಾರ್ಬೊರೇಟರಿನ ಜೆಟ್ಟಿಗೆ ಸೂಜಿಯೂ ದಪ್ಪ;
ವೀಣೆ ಮಾಡುವ ಪಕ್ಕದ ಬೀದಿಯ ಮುದುಕ
ಒಂದು ಗೇಣು ತಂತಿ ಕತ್ತರಿಸಿಕೊಟ್ಟು
"ಶ್ರುತಿ ಸೇರಿಸ್ಕೋ ಹೋಗು" ಅಂದ.

ಮೇಲೆ ನೀಲಿ. ಕೆರೆದರೆ ಬೂದಿ. ಅದರಡಿ ಕೆಮ್ಮಣ್ಣು.
ಟೂಲ್‌ಪೆಟ್ಟಿಗೆಯ ಹಿಂದೆ, ಯಾವ ಕುಂಚವೂ ತಲುಪದ ಕಡೆ,
ರೂಪಾಯಿಯಗಲ ಉಳಿದಿತ್ತು ಮೊದಲ ಹಸಿರು.
ಪೇಂಟಿನಂಗಡಿಯ ಪುಸ್ತಕದಲ್ಲಿ ಅದಿರಲಿಲ್ಲ.
ದೇವರಾಜ ಮಾರುಕಟ್ಟೆಯಿಂದ ಕಾಲು ಕಿಲೋ ಅವರೆಕಾಯಿ ತಂದು
ಸುಲಿದು, ಸಿಪ್ಪೆಯ ಒಳಮೈ ತೋರಿಸಿದೆ:
ಇದು.

ಆಮೇಲೆ ಕ್ಲಚ್ಚಿನ ಪೆಡಲು.
ಗ್ರೀಸಿನ ಹೆಂಟೆ ಕೆತ್ತಿದಾಗ ಕಂಡಿತು ಲಾಳ,
ಜಟಕಾ ಕುದುರೆಯದು, ಮೊಳೆಯ ತೂತುಗಳ ಸಮೇತ,
ಕೆಳಗೆರಡು ಕಬ್ಬಿಣದ ಗುಬ್ಬಿ ಕೊಟ್ಟು ಬೆಸೆದದ್ದು.
ಅಳೆದೆ. ಒಂದೂವರೆ ಇಂಚು ಎತ್ತರ.
ಒರಟು ಬೆಸುಗೆ, ಆದರೆ ಅವಸರದ್ದಲ್ಲ.
ಲಾಳ ಸವೆದಿದ್ದು ಹೆಬ್ಬೆರಳ ಕಡೆಗೆ ಮಾತ್ರ.
ಎಡ ಮಡ್‌ಗಾರ್ಡಿನ ನೆತ್ತಿ ಕೈ ಊರಿ ಊರಿ ಕನ್ನಡಿಯಾಗಿತ್ತು.
ಯಾವ ನರ್ಸರಿಯೋ, ಯಾವ ಕಾಲವೋ,
ಎಡಗಾಲು ಅಷ್ಟು ಗಿಡ್ಡವಾದ ಒಬ್ಬ
(ಒಬ್ಬಳೋ, ಕಂಡವರಾರು)
ದಿನವಿಡೀ ಇದರ ಮೇಲೆ ಕೂತು ಮಣ್ಣು ಸಡಿಲಿಸಿದ್ದರು.
ಇನ್ನೊಬ್ಬರು, ನನ್ನ ಕಸುಬಿನವರು,
ಆ ಕಾಲನ್ನೊಮ್ಮೆ ನೋಡಿ, ಏನೂ ಕೇಳದೆ,
ಕುಲುಮೆ ಊದಿದ್ದರು.

"ಫ್ಯಾಕ್ಟರಿಯದಲ್ಲ. ಐದು ಅಂಕ ಹೋಗುತ್ತೆ. ತೆಗೆದುಬಿಡಿ."
ನಾಳೆ ಅಂದೆ. ಮತ್ತೆ ನಾಳೆ ಅಂದೆ.
ಮೂರು ವಾರ ಲಾಳ ತುಳಿದೇ ಗಲ್ಲಿಯಲ್ಲಿ ಓಡಿಸಿ ನೋಡಿದೆ.
ಶೋ ಇನ್ನೆರಡು ದಿನವಿರುವಾಗ ಕತ್ತರಿಸಿದೆ.
ಹೌದು, ನಾನೇ. ಉಜ್ಜಿ, ಲಪ್ಪ ತುಂಬಿ, ಅವರೆಹಸಿರು ಬಳಿದೆ.
ಮುಂಗಡ ಎಣಿಸಿಕೊಂಡಿದ್ದೆನಲ್ಲ.

ಮೈದಾನದಲ್ಲಿ ಹೊಳೆಯುವ ಕಾರುಗಳ ಸಾಲು ಮುಗಿದು
ಟ್ರ್ಯಾಕ್ಟರಿನ ಸರದಿ. ಪಟ್ಟಿ ಹಿಡಿದ ಮೂವರು,
ಅದರಲ್ಲೊಬ್ಬರಿಗೆ ಗುಲಾಬಿ ಪೇಟ.
ಹಗ್ಗ ಸುತ್ತಿ ಎಳೆದೆ. ಎರಡನೆಯ ಎಳೆತಕ್ಕೆ
ಡುಬು ಡುಬು ಡುಬು, ಬಿಸಿಲಿಗೆ ನೀಲಿ ಹೊಗೆ.
ಗೇರು ಹಾಕಲು ಎಡಗಾಲು ಊರಿದೆ.
ಕಾಲು ಒಂದೂವರೆ ಇಂಚು
ಬರೀ ಗಾಳಿಯನ್ನು ತುಳಿಯಿತು.
ಅರೆ ಒತ್ತಿದ ಕ್ಲಚ್ಚಿಗೆ ಹಲ್ಲು ಕರಕರ ಅಂದವು.
ಜನ ನಕ್ಕರು. ಡಾಕ್ಟರು ತಮ್ಮ ದವಡೆ ಹಿಡಿದುಕೊಂಡರು.
ಆದರೂ ಎರಡನೆಯ ಬಹುಮಾನ;
ಅಸಲಿತನಕ್ಕೆ ಹತ್ತಕ್ಕೆ ಹತ್ತು.

ಹೊಸ್ತಿಲಿಗೆ ಹೊಡೆಯಿರಿ, ಒಳ್ಳೇದಾಗುತ್ತೆ,
ಅನ್ನುತ್ತಾಳೆ ಪಂಕಜ.
ಒಳ್ಳೇದಾಗಲಿ ಅಂತ ಬೆಸೆದದ್ದಲ್ಲ ಅದು,
ಎಟುಕಲಿ ಅಂತ.
ಲೇತಿನ ಕೆಳಗಿನ ಡ್ರಾಯರಿನಲ್ಲಿ, ಗೇಜುಗಳ ಪಕ್ಕ
ಸೀಮೆಸುಣ್ಣದಲ್ಲಿ 'ಎಡ, ಒಂದೂವರೆ' ಎಂದು ಬರೆದಿಟ್ಟಿದ್ದೇನೆ.
ಎಣ್ಣೆಗೈಗೆ ಅಳಿಸುತ್ತದೆ.
ಮತ್ತೆ ಬರೆಯುತ್ತೇನೆ.