ತಗಡಿನ ಮೇಲಿನ ವಿಳಾಸ

ಸಾವಿರದ ನೂರ ಎಂಬತ್ತು ರೂಪಾಯಿ, ವರ್ಷಕ್ಕೊಂದು ಸಲ.
ಆಷಾಢದಲ್ಲಿ ಬರುತ್ತಿತ್ತು ಜ್ಞಾಪನೆಯ ಪತ್ರ.
ವೋಚರಿನ ಮೇಲೆ ಬರೆಯುತ್ತಿದ್ದೆ: ಹೆಸರಿನ ಬಾಡಿಗೆ.
ದೊಡ್ಡ ಸಾಹೇಬರು ನಗುತ್ತಿದ್ದರು,
ಹೆಸರು ನಮ್ಮದೇ, ಬಾಡಿಗೆ ಯಾರಿಗಮ್ಮ?

ಮಂಡ್ಯದ ಪಕ್ಕ ತೂಬಿನಕೆರೆ, ಎರಡನೇ ಅಡ್ಡರಸ್ತೆ,
ಶೆಡ್ಡಿನ ನೆತ್ತಿಯಲ್ಲಿ ನೀಲಿ ಅಕ್ಷರ: ಸರಿತೂಕ ಸ್ಕೇಲ್ಸ್.
ಆಲೆಮನೆಗೆ, ರೇಷ್ಮೆಗೂಡಿನ ಮಾರುಕಟ್ಟೆಗೆ, ಹಾಲಿನ ಡೇರಿಗೆ
ನಾವು ಮಾಡಿಕೊಟ್ಟ ತಕ್ಕಡಿಗಳ ಹೊಟ್ಟೆಗೆಲ್ಲ
ಒಂದೊಂದು ಅಲ್ಯೂಮಿನಿಯಂ ತಗಡು, ನಾಲ್ಕು ರಿವೆಟ್ಟು,
ಅಚ್ಚೊತ್ತಿದ ಫೋನು ನಂಬರು, ಅದರಡಿ
ಸರಿತೂಕ ಡಾಟ್ ಇನ್.

ಅಣ್ಣತಮ್ಮಂದಿರು ಪಾಲಾದರು. ಕಂಪನಿಗೆ ಹೊಸ ನಾಮಕರಣ,
ಹೊಸ ಬೋರ್ಡು, ಹೊಸ ಮೊಹರು, ಹೊಸ ವಿಳಾಸ.
ಹಳೇದಕ್ಕೆ ಯಾಕೆ ದುಡ್ಡು ಸುರಿಯೋದು, ಅಂದರು ಚಿಕ್ಕ ಸಾಹೇಬರು.
ನಾನೂ ವಾದಿಸಲಿಲ್ಲ.
ಮುಚ್ಚಿದ ಅಂಗಡಿಯ ಬೀಗವನ್ನು ಯಾರು ಕಾಯುತ್ತಾರೆ?
ಜ್ಞಾಪನೆಗಳು ಬಂದವಂತೆ, ಸುಧೀಂದ್ರನ ಡಬ್ಬಿಗೆ;
ಅವನು ಕೆಲಸ ಬಿಟ್ಟು
ನಂಜನಗೂಡಲ್ಲಿ ಟೈರಿನಂಗಡಿ ಇಟ್ಟು ಎರಡು ವರ್ಷ.

ಮೊದಲು ಏನೂ ಆಗಲಿಲ್ಲ.
ಮೋಸ ಇದ್ದದ್ದೇ ಅಲ್ಲಿ.
ಸುಣ್ಣ ಬಳಿದ ಗೋಡೆಯಂಥ ಬರೀ ಬಿಳಿ ಪುಟ.
ಆಮೇಲೊಂದು ದಿನ ಅಲ್ಲಿಂದ ಇಸ್ಪೀಟು ರಾಣಿ ಕಣ್ಣು ಹೊಡೆದಳು.
ಡೇರಿಯ ಕಾರ್ಯದರ್ಶಿ ಫೋನು ಮಾಡಿದರು,
'ಏನ್ ಅಮ್ಮಣ್ಣಿ, ತೂಕ ಬುಟ್ಟು ಜೂಜಿಗ್ ಇಳುದ್ರಾ?'
ಅವರೂ ನಕ್ಕರು, ನಾವೂ ನಕ್ಕೆವು.

ನಗು ನಿಂತದ್ದು ಕಾರ್ತಿಕದಲ್ಲಿ.
ಮಳವಳ್ಳಿಯ ಡೀಲರ್ ಷಫೀವುಲ್ಲಾ ಬಂದು ಕೂತು,
ಬೆವರೊರೆಸಿ, ಕಾಗದ ಬಿಡಿಸಿದರು.
ಮೂರು ಲಕ್ಷದ ಎಂಬತ್ತೆರಡು ಸಾವಿರ ಕಟ್ಟಿದ್ದರು
'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ' ಎಂಬ ಪತ್ರ ನಂಬಿ.
ಅಡಿಯಲ್ಲಿ ನನ್ನ ಹೆಸರು: ರತ್ನಪ್ರಭಾ, ಲೆಕ್ಕಪತ್ರ ವಿಭಾಗ.
ಅದರ ಮೇಲೆ ನನ್ನದೇ ಮಾತು:
ತಡವಾಯಿತೆಂದು ಬೇಸರಿಸಬೇಡಿ, ಮನೆಯಲ್ಲೆಲ್ಲ ಕ್ಷೇಮವೇ?

ಇಪ್ಪತ್ತೆರಡು ವರ್ಷ ಹಾಗೇ ಬರೆದವಳು ನಾನು.
ಅವನಿಗೆ ಹೇಗೆ ಗೊತ್ತು?
ಹಳೆಯ ಗಿರಾಕಿಗಳು ಹಳೆಯ ವಿಳಾಸಕ್ಕೇ ಉತ್ತರಿಸುತ್ತಿದ್ದರು,
ಉತ್ತರದ ಬಾಲಕ್ಕೆ ನನ್ನ ಹಳೆಯ ಓಲೆ
ಜೋತುಬಿದ್ದಿರುತ್ತಿತ್ತು.
ಸಾಲು ಬಿಡದೆ ಓದಿದ್ದಾನೆ ಪುಣ್ಯಾತ್ಮ,
ಕಟ್ಟಿಕೊಂಡ ಗಂಡನೂ ನನ್ನನ್ನು ಅಷ್ಟು ಓದಿರಲಿಲ್ಲ.
ಕದ ಮುರಿಯಲಿಲ್ಲ, ಗೋಡೆ ಹಾರಲಿಲ್ಲ,
ನಾವು ಎಸೆದದ್ದನ್ನು ರಶೀದಿ ಪಡೆದು ಕೊಂಡಿದ್ದ.
ಕೊರಿಯರಿನವರ ಬಿಲ್ಲು, ತೆರಿಗೆಯ ನೋಟೀಸು,
'ಪಾಸ್‌ವರ್ಡ್ ಮರೆತಿರಾ? ಇಲ್ಲಿ ಒತ್ತಿ'
ಎಲ್ಲ ಅವನ ಹೊಸಿಲಿಗೆ.

ಪತ್ರ ನಮ್ಮದಲ್ಲ, ಅಂದರು ಚಿಕ್ಕ ಸಾಹೇಬರು.
ವಿಳಾಸ ನಿಮ್ಮದೇ, ಅಂದರು ಷಫೀವುಲ್ಲಾ,
ತಕ್ಕಡಿಯ ಮೇಲೆ ಹೊಡೆದುಕೊಟ್ಟವರು ನೀವೇ.
ಠಾಣೆಯಲ್ಲಿ ಕೇಳಿದರು: ಕಳುವಾದದ್ದೇನು?
ಹೆಸರು.
ಅದು ನಿಮ್ಮದಾ?
ಆಗಿತ್ತು.

ಈಗ ಭಾನುವಾರಗಳಲ್ಲಿ ಚೀಲದಲ್ಲೊಂದು ಅರ ಇಟ್ಟು ಹೊರಡುತ್ತೇನೆ.
ಯಾರೂ ಹೇಳಿಲ್ಲ, ಬಸ್ಸಿನ ಚಾರ್ಜೂ ಕೊಡುವುದಿಲ್ಲ.
ಕೀಲಾರ, ಕೊಪ್ಪ, ಬೆಸಗರಹಳ್ಳಿ, ಒಂದೊಂದೇ ತಗಡು.
ಎಷ್ಟು ಉಳಿದಿವೆ ಎಂದು ಲೆಕ್ಕದವಳು ಲೆಕ್ಕ ಹಾಕಿಲ್ಲ.
ಬಸರಾಳಿನ ಚಿಕ್ಕಬೋರಯ್ಯ ಒಪ್ಪಲೇ ಇಲ್ಲ:
'ಯೆಸ್ರು ಕೆರುದ್ರೆ ತಕ್ಡಿ ಸುಳ್ಳು ಅಂದ್ಬುಡ್ತಾರೆ ಜನ.'
ಫೋನು ನಂಬರು ಇರಲಿ, ಅಡಿಯ ಸಾಲು ಮಾತ್ರ, ಅಂದೆ.
ಕೊಪ್ಪರಿಗೆಯಲ್ಲಿ ಪಾಕ ಕೊತಕೊತ ಅನ್ನುತ್ತಿತ್ತು,
ಅದರ ಸದ್ದಿನೊಳಗೆ ನಾನು ಉಜ್ಜಿದೆ.

ಪುಡಿ ಉದುರಿತು ತಟ್ಟೆಯ ಮೇಲೆ,
ಬೆಳ್ಳಗೆ, ಚಿಟಿಕೆಯಷ್ಟು.
ಮುಳ್ಳು ಅಲುಗಲಿಲ್ಲ.
'ಏನೂ ತೂಕ್ವೇ ಇಲ್ವಲ್ಲಕ್ಕ' ಅಂದ ಬೋರಯ್ಯ,
ಉಫ್ ಎಂದು ಊದಿ
ಅದೇ ಜಾಗದಲ್ಲಿ
ಬಿಸಿ ಆರದ ಬೆಲ್ಲದಚ್ಚು ಇಟ್ಟ.