ಸಾಕ್ಷಿ ೭

ಫೆಬ್ರವರಿ, ರಾತ್ರಿ ಎರಡು ಗಂಟೆ.
ನನ್ನ ಗಂಡ ಸಾರ್ಜೆಂಟ್ ಬೆಲ್ಮಿರು
ಎರಡು ಸೂಟ್‌ಕೇಸು ಹೊತ್ತು ನಿಂತಿದ್ದ.
ಮನೆ ಬಿಟ್ಟು ಹೋಗುವವರು ತಾನೆ ಸೂಟ್‌ಕೇಸು ಹಿಡಿಯುವುದು,
ಇವನು ಒಳಗೆ ಬರುತ್ತಿದ್ದಾನಲ್ಲ ಅಂದುಕೊಂಡು ದೀಪ ಹಾಕಿದೆ.

ಮೇಲೆ ಕಾಲುಚೀಲ, ಒಂದು ಜಪಮಾಲೆ.
ಕೆಳಗೆ ಗಾಳಿ ತುಂಬಿ ಕಟ್ಟಿದ ಪ್ಲಾಸ್ಟಿಕ್ ಚೀಲಗಳಲ್ಲಿ
ನೀರು. ನೀರೊಳಗೆ ನೀರೇ ಹೊರಳಾಡುತ್ತಿತ್ತು.
ಕಣ್ಣು ಕಿರಿದು ಮಾಡಿ ನೋಡಿದರೆ
ಆ ನೀರಿಗೂ ಕಣ್ಣು, ಸಾಸಿವೆಗಿಂತ ಸಣ್ಣವು:
ಹಾವುಮೀನಿನ ಮರಿಗಳು, ಗಾಜಿನ ಎಳೆಗಳು,
ಆಚೆ ಹಿಡಿದ ನನ್ನ ಉಂಗುರ ಈಚೆ ಕಾಣುತ್ತಿತ್ತು.
ನಮ್ಮೂರಲ್ಲಿ ಪಾರದರ್ಶಕವಾಗಿದ್ದದ್ದು ಅವಷ್ಟೇ.

ಕಿಲೋಗೆ ಬೆಲ್ಮಿರುವಿನ ಆರು ತಿಂಗಳ ಸಂಬಳ.
ಸೂಟ್‌ಕೇಸಿನ ಬೀಗದ ಬಳಿ ಹಿತ್ತಾಳೆಯ ಎರಡಕ್ಷರ,
ನದಿ ರಕ್ಷಣಾ ಸಮಿತಿಯ ಅಧ್ಯಕ್ಷರಾದ
ಡಾಕ್ಟರ್ ಎವರಿಸ್ತು ತಾವೇರಾರ ಹೆಸರಿನವೇ.
"ಕಾಕತಾಳೀಯ" ಎಂದರು ಅವರು.
ಕಾಗೆಯೂ ಅವರದೇ, ತಾಳೆಮರವೂ ಅವರದೇ.

ಸಾಕ್ಷಿ ಕೆಡಬಾರದು ಎನ್ನುತ್ತದೆ ಕಾನೂನು.
ಠಾಣೆಯಲ್ಲಿದ್ದದ್ದು ಒಂದು ಬಕೆಟ್ಟು, ಅದಕ್ಕೂ ತೂತು.
ಊರಿಗೆಲ್ಲ ದೊಡ್ಡ ಸ್ನಾನದ ತೊಟ್ಟಿ ನಮ್ಮದು,
ಸಿಂಹದ ಕಾಲಿನದು, ಅತ್ತೆ ಜೆರ್ತ್ರೂದಿಸ್ ಬಿಟ್ಟುಹೋದದ್ದು.
ಅದರ ಅಂಚಿಗೊಂದು ಚೀಟಿ ಅಂಟಿಸಿದ:
"ಸಾಕ್ಷಿ ೭. ಸಜೀವ. ಸೋಪು ತಾಗಬಾರದು."

ಹತ್ತೊಂಬತ್ತು ದಿನ ನಾನು ಅಡುಗೆಮನೆಯಲ್ಲಿ
ಚೊಂಬು ಹಿಡಿದು ಮಿಂದೆ.
ಬೆಲ್ಮಿರು ಮುಂಜಾನೆ ಟೋಪಿ ಸಮೇತ
ಕಮೋಡಿನ ಮುಚ್ಚಳದ ಮೇಲೆ ಕೂತು ಹಾಜರಿ ತೆಗೆಯುತ್ತಿದ್ದ.
ಸೋಮವಾರ ನಾಲ್ಕು ಸಾವಿರದ ನೂರಾ ಹನ್ನೆರಡು.
ಮಂಗಳವಾರ ಮೂರು ಕಡಿಮೆ.
ಬೆಕ್ಕನ್ನು ವಿಚಾರಣೆಗೆ ಕರೆದ.
ಅದು ಮೀಸೆ ಒರೆಸಿಕೊಂಡು
ಮೌನವಾಗಿರುವ ಹಕ್ಕನ್ನು ಚಲಾಯಿಸಿತು.

ಜಾಮೀನಿನ ಮೇಲಿದ್ದ ಕಳ್ಳ ಕಿಂತೀನು
ಒಂದು ಸಂಜೆ ಬಾಗಿಲು ತಟ್ಟಿದ. ಕದಿಯಲಿಕ್ಕಲ್ಲ.
"ದೀಪ ಆರಿಸಿ ಸಾರ್ಜೆಂಟರೇ, ಅವಕ್ಕೆ ಬೆಳಕಾಗದು.
ನಲ್ಲಿನೀರು ಬೇಡ, ಮಿನ್ಯು ಹೊಳೆಯದು ತನ್ನಿ.
ನಾಲ್ಕು ಕಲ್ಲು ಹಾಕಿ, ಬಚ್ಚಿಟ್ಟುಕೊಳ್ಳಲಿ ಪಾಪ."
ಬಚ್ಚಿಟ್ಟುಕೊಳ್ಳುವ ವಿಷಯ ಅವನಿಗೆ ಗೊತ್ತಿತ್ತು.
ಹಿಡಿದವನು, ಸಿಕ್ಕಿಬಿದ್ದವನು
ತೊಟ್ಟಿಯ ಆಚೆ ಈಚೆ ಮೊಣಕಾಲೂರಿ
ತೊಟ್ಟಿಲಿಗೆ ಬಾಗಿದ ಹಾಗೆ ಬಾಗಿದರು.
ಅವನಜ್ಜನ ಕಾಲಕ್ಕೆ ಹೊಳೆಯಂಚು ಇವುಗಳಿಂದ ಮಿರುಗುತ್ತಿತ್ತಂತೆ,
ಮಿಕ್ಕಿದ್ದನ್ನು ಕೋಳಿಗೆ ಎರಚುತ್ತಿದ್ದರಂತೆ.
ಹೇಳುತ್ತ ಹೇಳುತ್ತ ಎಣಿಸಿದ. ನಾವೂ ಎಣಿಸಿದೆವು.
ಮೂವರಿಗೂ ಮೂರು ಲೆಕ್ಕ ಬಂತು.

ತಾವೇರಾರ ವಕೀಲರು ವಾಯಿದೆ ಕೇಳಿದರು: ನೆಗಡಿ.
ಮತ್ತೆ ಕೇಳಿದರು: ಸೊಸೆಯ ಹೆರಿಗೆ.
ಕೊನೆಗೆ ನ್ಯಾಯಾಧೀಶೆ ಖುದ್ದಾಗಿ ಬಂದು ತೊಟ್ಟಿ ನೋಡುವರಂತೆ,
ಈಸ್ಟರ್ ಕಳೆದ ಮೇಲೆ.
ಆಗ ನನಗೆ ತಿಳಿಯಿತು.
ಸಾಕ್ಷಿ ನುಡಿಯುವ ಮೊದಲು ಸಾಯಲೆಂದು
ಕೋಟು ಹಾಕಿಕೊಂಡು ಕಾಯುತ್ತಿದ್ದಾರೆ.
ದಿನವೂ ಚಹಾ ಜಾಲರಿಯಲ್ಲಿ ಸತ್ತವನ್ನು ಎತ್ತುತ್ತಿದ್ದವಳು ನಾನು.
ಗಾಜು ಸತ್ತರೆ ಹಾಲಿನ ಬಣ್ಣವಾಗುತ್ತದೆ.

ಅಂದು ರಾತ್ರಿ ಹನ್ನೊಂದು ಸಲ ಹೋಗಿಬಂದೆ,
ಬಕೆಟ್ಟಿನ ತೂತಿಗೆ ರೊಟ್ಟಿಯ ಹಿಟ್ಟು ಮೆತ್ತಿ.
ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅನ್ನುತ್ತೀರೇನೋ.
ತೊಳೆದೆ.
ಭರತ ಏರುತ್ತಿತ್ತು.
ಹೊಳೆ ಅವನ್ನು ಎಣಿಸದೆ ತೆಗೆದುಕೊಂಡಿತು.

ಬೆಳಿಗ್ಗೆ ಜಿಲ್ಲೆಗೇ ಹೆಸರಾದ ಪತ್ತೇದಾರ
ಖಾಲಿ ತೊಟ್ಟಿ ನೋಡಿದ, ಬೆಕ್ಕನ್ನು ನೋಡಿದ,
ಬಚ್ಚಲಿಂದ ಹಿತ್ತಿಲ ಬಾಗಿಲ ತನಕ
ಮೂವತ್ತಾರರ ಅಳತೆಯ ಒದ್ದೆ ಚಪ್ಪಲಿ ಗುರುತನ್ನು
ಬಹಳ ಹೊತ್ತು ನೋಡಿದ.
ಆಮೇಲೆ ಬಟ್ಟೆ ತಂದು,
ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ
ನೆಲ ಒರೆಸಿದ.
ವರದಿಯಲ್ಲಿ ಬರೆದ:
"ಮೀನಿನ ಹೆಜ್ಜೆ ಪತ್ತೆಯಾಗಲಿಲ್ಲ."

ಕೇಸು ಬಿದ್ದುಹೋಯಿತು. ತಾವೇರಾರು ಈಗ
ಸೇತುವೆಯ ಬಳಿ ಹಾವುಮೀನಿನ ಕಂಚಿನ ಪ್ರತಿಮೆಗೆ
ಚಂದಾ ಎತ್ತುತ್ತಿದ್ದಾರೆ. ನಮ್ಮಲ್ಲಿಗೂ ಬಂದರು.
ಎರಡು ಯೂರೋ ಕೊಟ್ಟು ರಸೀದಿ ಕೇಳಿದೆ.
ಕೊಟ್ಟರು, ಸಹಿಯ ಜಾಗದಲ್ಲಿ ಅದೇ ಎರಡಕ್ಷರ,
ಅದೇ ಬಾಲ, ಅದೇ ಕೊಕ್ಕೆ.
ಬೆಲ್ಮಿರು ಕನ್ನಡಕ ಹಾಕಿಕೊಂಡು
ಅದಕ್ಕೊಂದು ಚೀಟಿ ಅಂಟಿಸಿದ:
"ಸಾಕ್ಷಿ ೮. ನಿರ್ಜೀವ. ಒಣ ಜಾಗದಲ್ಲಿ ಇಡುವುದು."