ಲಾಳ ಕಟ್ಟುವವನು

ಕುದುರೆಯ ಮುಖವನ್ನು ಎಲ್ಲರೂ ನೋಡುತ್ತಾರೆ.
ಅಡಿ ನೋಡುವವನು ನಾನೊಬ್ಬ.
ಮಂಡಿ ಮೊಹಲ್ಲದ ಸೌದೆ ಡಿಪೋ ಪಕ್ಕ
ತಗಡಿನ ಸೂರು, ಅಡಿಗಲ್ಲು, ಇಕ್ಕಳ, ಅರ.
ಮೂವತ್ತೊಂದು ವರ್ಷದಿಂದ
ಮೈಸೂರು ನನ್ನ ತೊಡೆಯ ಮೇಲೆ ಕಾಲಿಟ್ಟಿದೆ.

ಜುಗ್ನು ಬರುವುದು ತಿಂಗಳಿಗೊಮ್ಮೆ.
ಇಮ್ದಾದ್ ಸಾಬರ ಹೆಣ್ಣು ಕುದುರೆ, ಬೂದಿ ಬಣ್ಣ.
ಹೆಸರಿನ ಅರ್ಥ ಮಿಣುಕುಹುಳ,
ಕಣ್ಣಿಗೆ ಎರಡೂ ಕಡೆ ಚರ್ಮದ ಪಟ್ಟಿ.
ಮುಂಗಾಲಿನ ಗೊರಸು ಡಾಂಬರಿಗೆ ಸವೆದು
ಹಳೇ ಚಪ್ಪಲಿಯ ಹಿಮ್ಮಡಿಯಂತೆ ಓರೆ.
ಅರ ಎಳೆದಾಗ ಉದುರುವ ಪುಡಿಯಲ್ಲಿ
ಹಾರ್ಡಿಂಜ್ ವೃತ್ತ ಇದೆ, ಝೂ ಗೇಟು ಇದೆ,
ಎಕ್ಸಿಬಿಷನ್ ರಸ್ತೆಯ ಮಧ್ಯಾಹ್ನ ಇದೆ.

ಭಾನುವಾರ ಏಳಕ್ಕೆ ಅರಮನೆಗೆ ದೀಪ ಹತ್ತುತ್ತದೆ.
ಲಕ್ಷ ಬಲ್ಬು ಅಂತಾರೆ,
ಎಣಿಸಿದವರನ್ನು ನಾನು ಕಂಡಿಲ್ಲ.
ಜನ ಒಟ್ಟಿಗೇ 'ಓ' ಅಂತಾರೆ,
ಆ 'ಓ'ಗೆ ಜುಗ್ನು ಬೆಚ್ಚುತ್ತದೆ.
ದೀಪ ಅದಕ್ಕೆ ಕಾಣುವುದು
ಮುಂದೆ ನಿಂತ ಬಸ್ಸಿನ ಹಿಂಗಾಜಿನಲ್ಲಿ.

ನಾಲ್ಕು ಜನರ ಗಾಡಿಗೆ ಏಳು ಜನ.
ಮಕ್ಕಳು ಲೆಕ್ಕಕ್ಕಿಲ್ಲ, ಅಜ್ಜಿ ತೆಳ್ಳಗಿದ್ದಾರೆ.
ಬಾಡಿಗೆ ಪೇಟ ಸುತ್ತಿಕೊಂಡ ಹೊಸ ಅಳಿಯ
ಮುಂದೆ ಕೂತು, 'ಓಡ್ಸಿ, ಇನ್ನೂ ಜೋರಾಗಿ ಓಡ್ಸಿ.'
ಇಮ್ದಾದ್ ಚಾಟಿಯನ್ನು ಗಾಲಿಯ ಕಡ್ಡಿಗೆ ತಾಗಿಸಿ
ಟರ್‍ರ್ ಅನ್ನಿಸುತ್ತಾನೆ.
ಹೊಡೆದಂತೆ ಕೇಳಬೇಕು, ಹೊಡೆಯಬಾರದು.
ಅದು ಅವನಪ್ಪ ಕಲಿಸಿದ್ದು.
ಎಲ್ಲ ಸಂಜೆಯೂ ಅಪ್ಪನ ಮಾತು ನೆನಪಿರುವುದಿಲ್ಲ.

ಹೋದ ತಿಂಗಳು ಒಬ್ಬಾಕೆ ದೊಡ್ಡ ಗಡಿಯಾರದ ಹತ್ತಿರ
'ನಿಲ್ಸಿ' ಅಂದಳು. ಇಳಿದಳು.
ಎದೆಪಟ್ಟಿ ಎತ್ತಿ ನೋಡಿದಳು:
ಅರಿಸಿನ, ಎಣ್ಣೆ, ಅದರಡಿ ಹುಣ್ಣು.
ಫೋಟೋ ತೆಗೆದಳು. ಅತ್ತಳು, ನಿಜವಾಗಿ ಅತ್ತಳು.
'ನಾಚಿಕೆ ಆಗಲ್ವಾ ನಿಮಗೆ?'
ದುಡ್ಡು ಕೊಡದೆ ಆಟೋ ಹತ್ತಿದಳು.

ಅವತ್ತು ರಾತ್ರಿ ಹುರುಳಿ ಅರ್ಧ ಸೇರು ಕಮ್ಮಿ.
ಇದನ್ನು ಹೇಳಿ ಇಮ್ದಾದ್ ನಕ್ಕ,
ನಾನೂ ನಗಬೇಕೆಂದು ಕಾದ.
ನಗು ಬರಲಿಲ್ಲ.
ಆಕೆ ತಪ್ಪು ಹೇಳಿದಳೇ? ಇಲ್ಲ, ಹುಣ್ಣು ಇತ್ತು.
ಹುರುಳಿ ಕಮ್ಮಿಯಾದದ್ದೂ ಇತ್ತು.
ಎರಡನ್ನೂ ಹೊತ್ತು ನಿಂತದ್ದು
ಇಬ್ಬರಲ್ಲೊಬ್ಬರೂ ಅಲ್ಲ.

ಆದರೆ ಆಕೆಗೆ ಗೊತ್ತಿಲ್ಲದ್ದು ಒಂದಿದೆ.
ದಸರೆಗೆ ವಾರ ಮುಂಚೆ ಜುಗ್ನು ಕುಂಟುತ್ತಿತ್ತು.
ಎಡ ಮುಂಗಾಲು. ಮುಟ್ಟಿದರೆ ಬಿಸಿ.
'ಹತ್ತೇ ದಿನ,' ಅಂದ ಇಮ್ದಾದ್,
'ಹತ್ತು ದಿನದ ಬಾಡಿಗೆ, ಮಳೆಗಾಲದ ಹುಲ್ಲು.'
ನಾನು ಹಳೇ ಟೈರಿನ ತುಂಡು ಕೊಯ್ದು
ಲಾಳದ ಒಂದು ಮಗ್ಗುಲಿಗೆ ಒತ್ತು ಕೊಟ್ಟೆ.
ಎರಡು ಸುತ್ತು ನಡೆಸಿ ನೋಡಿದೆವು.
ಕುಂಟು ಹೋಯಿತು.
ನೋವು ಎಲ್ಲಿ ಹೋಗುತ್ತದೆ?
ನನ್ನ ಕೈಚಳಕ ಅಷ್ಟೇ.
ನೋಡುವವರಿಗೆ ಕಾಣದ ಹಾಗೆ ಮಾಡುವುದು.
ನಾನೂರು ಕೇಳಿದೆ, ಮುನ್ನೂರೈವತ್ತು ಕೊಟ್ಟ.

ಬ್ಯಾಟರಿ ಗಾಡಿ ಬರುತ್ತವಂತೆ, ಟಾಂಗಾ ನಿಲ್ಲಿಸುತ್ತಾರಂತೆ.
ಸ್ಟ್ಯಾಂಡಿನಲ್ಲಿ ಮೂರು ವರ್ಷದಿಂದ ಇದೇ ಸುದ್ದಿ.
ನಿಲ್ಲಿಸಲಿ ಅಂತ ಒಂದು ಮನಸ್ಸು ಹೇಳುತ್ತದೆ.
ಇನ್ನೊಂದು ಮನಸ್ಸು,
ಆಮೇಲೆ ಜುಗ್ನುವನ್ನು ಕೊಳ್ಳಲು ಬರುವವನ
ಲಾರಿಯ ನಂಬರ್ ಪ್ಲೇಟ್ ಯಾವ ಊರಿನದು
ಎಂದು ಕೇಳುತ್ತದೆ.

ಇವತ್ತು ಬಂದಿದೆ. ಇಮ್ದಾದ್ ಟೀಗೆ ಹೋಗಿದ್ದಾನೆ.
ಹಳೇ ಮೊಳೆ ಒಂದೊಂದೇ ಕಿತ್ತೆ,
ಟೈರಿನ ತುಂಡು ಬಿದ್ದು ಉರುಳಿ ನಾಯಿಯ ಪಾಲಾಯಿತು.
ನಾನು ಮಗ್ಗುಲು ಬದಲಿಸಿ ಕೂರುವಷ್ಟರಲ್ಲಿ
ಜುಗ್ನು, ಯಾರೂ ಹೇಳದೆ,
ಇನ್ನೊಂದು ಕಾಲು ಎತ್ತಿ ತೊಡೆಯ ಮೇಲಿಟ್ಟಿತು.

ನಂಬಿಕೆ ಅಂದುಕೊಳ್ಳಬಹುದಿತ್ತು.
ಅಭ್ಯಾಸ.
ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು
ಸ್ವಲ್ಪ ಹೊತ್ತು ಆ ಕಾಲು ಹಿಡಿದೇ ಕೂತಿದ್ದೆ.
'ಆಯ್ತಾ?' ಅಂತ ಇಮ್ದಾದ್ ಬಂದ,
ನನಗೂ ಒಂದು ಟೀ ಹಿಡಿದುಕೊಂಡು.